ಅಭಿಮಾನಿಗೆ ಸಿಕ್ಕಿದ್ದೇನು?

'ಅವನು ನಿನಗೇನು ಕೊಟ್ಟ?' ಯಾರೋ ಒಬ್ಬ ಗಾಯಕನನ್ನು, ನಟನನ್ನು ಅಥವಾ ಆಟಗಾರನನ್ನು ಪ್ರಾಣದಂತೆ ಹಚ್ಚಿಕೊಂಡ ಮಗನಿಗೆ ನಮ್ಮ ಮನೆಗಳಲ್ಲಿ ಹಿರಿಯರು ಕೇಳುವ ಪ್ರಶ್ನೆ ಇದು. ಪ್ರಶ್ನೆಯಲ್ಲಿ ಒಂದು ಲೆಕ್ಕವಿದೆ. ದುಡ್ಡು, ಹೊತ್ತು, ನಿದ್ದೆ ಎಲ್ಲವೂ ಇತ್ತ ಕಡೆಯಿಂದ ಅತ್ತ ಹೋಗುತ್ತದೆ. ಅತ್ತ ಕಡೆಯಿಂದ ಬರುವುದೇನು? ಆ ಮನುಷ್ಯನಿಗೆ ಇವನ ಹೆಸರು ಕೂಡ ಗೊತ್ತಿಲ್ಲ. ನಾಳೆ ಇವನು ಹಾಸಿಗೆ ಹಿಡಿದರೆ ಅವನು ನೋಡಲು ಬರುವುದಿಲ್ಲ. ಹೀಗಿರುವಾಗ ಈ ವ್ಯಾಪಾರದಲ್ಲಿ ಲಾಭ ಯಾರಿಗೆ? ಮಗ ತಲೆ ತಗ್ಗಿಸಿ ಸುಮ್ಮನಾಗುತ್ತಾನೆ. ತನಗೆ ಏನೋ ಸಿಕ್ಕಿದೆ ಎಂಬುದು ಅವನಿಗೆ ಗೊತ್ತು, ಆದರೆ ಅದನ್ನು ಹೇಳುವ ಮಾತು ಅವನ ಬಳಿ ಇರುವುದಿಲ್ಲ. ಆ ಮಾತನ್ನು ಹುಡುಕಬಹುದೇ ಎಂದು ನೋಡೋಣ.

ಪದದಿಂದಲೇ ಆರಂಭಿಸಬಹುದು. ಕನ್ನಡದಲ್ಲಿ ಅಭಿಮಾನ ಎಂದರೆ ಮೊದಲಿಗೆ ಹೆಮ್ಮೆ. ಸ್ವಾಭಿಮಾನ, ಭಾಷಾಭಿಮಾನ, ದುರಭಿಮಾನ ಎಲ್ಲವೂ ಒಂದೇ ಬೇರಿನಿಂದ ಚಿಗುರಿದವು. ತನ್ನ ಬಗೆಗಿನ ಹೆಮ್ಮೆಗೆ ಬಳಸುವ ಪದವನ್ನೇ ಕನ್ನಡಿಗ ಇನ್ನೊಬ್ಬನ ಪ್ರತಿಭೆಯ ಮೇಲಿನ ಪ್ರೀತಿಗೂ ಬಳಸಿದ. ಉರ್ದುವಿನಲ್ಲಿ ಇದಕ್ಕೆ ಎರಡು ಪದಗಳಿವೆ. ಒಂದು ಮದ್ದಾಹ್, ಅಂದರೆ ಹೊಗಳುವವನು. ಇನ್ನೊಂದು ಪರಸ್ತಾರ್, ಅಂದರೆ ಆರಾಧಿಸುವವನು. ಇಂಗ್ಲಿಷಿನ 'ಫ್ಯಾನ್' ಎಂಬುದು 'ಫೆನಾಟಿಕ್' ಎಂಬ ಪದದ ಮೊಟಕು ರೂಪವೆಂದು ನಿಘಂಟುಗಳು ಹೇಳುತ್ತವೆ. ಅಂದರೆ ಉನ್ಮಾದ ಹಿಡಿದವನು. ಹೆಮ್ಮೆ, ಹೊಗಳಿಕೆ, ಆರಾಧನೆ, ಉನ್ಮಾದ ಎಂಬ ನಾಲ್ಕು ದಾರಿಗಳು ಈ ಪದಗಳಲ್ಲೇ ಇವೆ. ಅಭಿಮಾನಿಗೆ ಸಿಗುವ ಸುಖ ಅವನು ಯಾವ ದಾರಿ ಹಿಡಿದ ಎಂಬುದನ್ನು ಅವಲಂಬಿಸಿದೆ.

ನನಗೆ ಚೆನ್ನಾಗಿ ಪರಿಚಯವಿರುವ ಅಭಿಮಾನಿಗಳೆಂದರೆ ಮುಹಮ್ಮದ್ ರಫಿಯವರ ಅಭಿಮಾನಿಗಳು. ಆದ್ದರಿಂದ ಅವರ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ರಫಿ ಹುಟ್ಟಿದ್ದು 1924ರ ಡಿಸೆಂಬರ್ 24ರಂದು, ಅಮೃತಸರದ ಸಮೀಪದ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ. ಬೀದಿಯಲ್ಲಿ ಹಾಡಿಕೊಂಡು ಹೋಗುತ್ತಿದ್ದ ಫಕೀರನೊಬ್ಬನ ಹಿಂದೆಯೇ ನಡೆದು ಅವನ ದನಿಯನ್ನು ಅನುಕರಿಸುತ್ತಿದ್ದ ಹುಡುಗ ಎಂಬುದು ಅವರ ಬಾಲ್ಯದ ಬಗ್ಗೆ ಎಲ್ಲರೂ ಹೇಳುವ ಕಥೆ. ಮುಂದೆ ಕುಟುಂಬ ಲಾಹೋರಿಗೆ ಹೋಯಿತು. ಕೆ.ಎಲ್. ಸೈಗಲ್ ಅವರು ಹಾಡಬೇಕಿದ್ದ ಸಭೆಯೊಂದರಲ್ಲಿ ವಿದ್ಯುತ್ ಕೈಕೊಟ್ಟು ಜನ ಗದ್ದಲ ಎಬ್ಬಿಸಿದಾಗ, ಅವರನ್ನು ಸುಮ್ಮನಿರಿಸಲು ಈ ಹುಡುಗನನ್ನು ಹಾಡಲು ನಿಲ್ಲಿಸಿದರು ಎಂದೂ ಹೇಳುತ್ತಾರೆ. ಈ ಎರಡು ಕಥೆಗಳಲ್ಲಿ ನನಗೆ ಮುಖ್ಯವೆನಿಸುವುದು ಒಂದು ಸಂಗತಿ: ಕೋಟ್ಯಂತರ ಜನರ ಆರಾಧ್ಯ ಗಾಯಕನಾಗುವ ಮೊದಲು ರಫಿಯವರೂ ಒಬ್ಬ ಅಭಿಮಾನಿಯೇ ಆಗಿದ್ದರು. ಹೆಸರು ಉಳಿಯದ ಒಬ್ಬ ಫಕೀರನ ಅಭಿಮಾನಿ. ಆ ಫಕೀರನಿಗೆ ತನ್ನ ಹಿಂದೆ ಬರುತ್ತಿರುವ ಹುಡುಗ ಯಾರೆಂದು ಗೊತ್ತಿತ್ತೇ?

ಆ ಕಾಲದ ಅಭಿಮಾನಿಗಳನ್ನು ಕೂಡಿಸಿದ್ದು ರೇಡಿಯೋ. ಬಿ.ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದಾಗ, 1952ರ ಸುಮಾರಿಗೆ, ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಹೆಚ್ಚುಕಡಿಮೆ ನಿಂತೇಹೋದವು. ಶಾಸ್ತ್ರೀಯ ಸಂಗೀತ ಉಳಿಯಬೇಕು, ಅಗ್ಗದ ಅಭಿರುಚಿ ಹೋಗಬೇಕು ಎಂಬುದು ಅವರ ಕಾಳಜಿ. ಜನ ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಬಿನಾಕಾ ಗೀತ್‌ಮಾಲಾ ಆರಂಭವಾಯಿತು. 2024ರಲ್ಲಿ ನಮ್ಮನ್ನಗಲಿದ ಅಮೀನ್ ಸಯಾನಿಯವರ ದನಿ ಮನೆಮನೆಯ ದನಿಯಾಯಿತು. ಕೊನೆಗೆ ಸರ್ಕಾರವೇ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು.

ಈ ಕೇಂದ್ರಗಳಿಗೆ ಬರುತ್ತಿದ್ದ ಫರ್ಮಾಯಿಷ್ ಪತ್ರಗಳದ್ದೇ ಒಂದು ಚರಿತ್ರೆ. ಇಂದಿನ ಜಾರ್ಖಂಡಿನ ಕೋಡರ್ಮಾ ಜಿಲ್ಲೆಯಲ್ಲಿ ಝುಮ್ರಿ ತಿಲೈಯಾ ಎಂಬ ಪಟ್ಟಣವಿದೆ. ಸುತ್ತ ಅಭ್ರಕದ ಗಣಿಗಳು. ಆ ಒಂದೇ ಊರಿನಿಂದ ಎಷ್ಟು ಪತ್ರಗಳು ಬರುತ್ತಿದ್ದವೆಂದರೆ, ಇಂಥ ಊರು ನಿಜಕ್ಕೂ ಇದೆಯೇ ಎಂದು ಕೇಳುಗರು ಅನುಮಾನಪಟ್ಟಿದ್ದರು. ಕೇಳಿದ ಹಾಡು ಹೇಗೂ ಒಂದಲ್ಲ ಒಂದು ದಿನ ರೇಡಿಯೋದಲ್ಲಿ ಬಂದೇ ಬರುತ್ತಿತ್ತು. ಆದರೂ ಕಾರ್ಡು ಏಕೆ ಬರೆಯಬೇಕು? ತಮ್ಮ ಹೆಸರು, ಮನೆಯವರ ಹೆಸರು, ಗೆಳೆಯರ ಹೆಸರು, ಊರಿನ ಹೆಸರು ಗಾಳಿಯಲ್ಲಿ ತೇಲಿ ಬರಲಿ ಎಂಬ ಆಸೆಯಿಂದ. ಇದನ್ನು ಹೆಸರಿನ ಹುಚ್ಚು ಎಂದು ನಕ್ಕವರಿದ್ದಾರೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಆ ಹೆಸರು ಯಾವತ್ತೂ ಒಂಟಿಯಾಗಿ ಬರುತ್ತಿರಲಿಲ್ಲ. ಅದರ ಹಿಂದೆ ಮುಂದೆ ಬೇರೆ ಊರುಗಳ, ಬೇರೆ ಜಾತಿ ಧರ್ಮಗಳ ಹತ್ತಾರು ಹೆಸರುಗಳಿರುತ್ತಿದ್ದವು. ಅವರೆಲ್ಲರೂ ಕೇಳಿದ್ದು ಅದೇ ಹಾಡನ್ನು. ಗಣಿಯ ಧೂಳಿನ ಊರಿನಲ್ಲಿ ಕುಳಿತವನಿಗೆ, ನನ್ನ ಹಾಗೆಯೇ ಈ ಹಾಡನ್ನು ಬಯಸಿದ ಒಬ್ಬ ನಾಗಪುರದಲ್ಲೂ ಇದ್ದಾನೆ ಎಂದು ಆ ಕ್ಷಣದಲ್ಲಿ ತಿಳಿಯುತ್ತಿತ್ತು. ಫರ್ಮಾಯಿಷ್ ಒಬ್ಬನದು, ಹಾಡು ಎಲ್ಲರದು. ಅಭಿಮಾನದ ಸುಖದ ಅರ್ಧ ಗುಟ್ಟು ಇಲ್ಲಿಯೇ ಇದೆ.

ಉಳಿದರ್ಧವನ್ನು ನಾನು ಕಂಡದ್ದು ಒಂದು ದರ್ಜಿ ಅಂಗಡಿಯಲ್ಲಿ. ಉರ್ದು ಪ್ರಾಥಮಿಕ ಶಾಲೆ ಮುಗಿಸಿ ಕನ್ನಡ ಮಾಧ್ಯಮಕ್ಕೆ ಸೇರಿದ ಹೊಸತರಲ್ಲಿ, ಶಾಲೆ ಬಿಟ್ಟ ಮೇಲೆ ನಾನು ಆ ಅಂಗಡಿಯಲ್ಲಿ ಕಾಜಾ ಹೊಲಿಯುವ, ಗುಂಡಿ ಹಾಕುವ ಕೆಲಸ ಮಾಡುತ್ತಿದ್ದೆ. ದರ್ಜಿ ಚಾಚಾ ರಫಿಯವರ ಮಹಾ ಅಭಿಮಾನಿ. ಹಾಡು ನಡೆಯುವಾಗ ಮಿಷನ್ನಿನ ಪೆಡಲು ತಾನಾಗಿಯೇ ನಿಧಾನವಾಗುತ್ತಿತ್ತು. ಎದುರಿನ ಬೀದಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು ಪಿ.ಬಿ. ಶ್ರೀನಿವಾಸ್ ಅವರ ಅಭಿಮಾನಿ. ಪ್ಯಾಂಟಿನ ಅಳತೆ ಕೊಡಲು ಬಂದ ಮೇಷ್ಟ್ರು ವರ್ಷಗಟ್ಟಲೆ ಅಲ್ಲಿಯೇ ಕುಳಿತರು ಎಂದು ಊರವರು ತಮಾಷೆ ಮಾಡುತ್ತಿದ್ದರು.

'ನಿಮ್ಮ ರಫಿ ಎತ್ತರಕ್ಕೆ ಹೋಗ್ತಾರೆ ಸಾಹೇಬ್ರೇ, ಒಪ್ತೀನಿ. ನಮ್ಮ ಪಿ.ಬಿ.ಎಸ್. ಆಳಕ್ಕೆ ಇಳೀತಾರೆ.'

'ಎತ್ತರಕ್ಕೆ ಹೋದವನಿಗೇ ಮೇಷ್ಟ್ರೇ, ಆಳ ಎಷ್ಟಿದೆ ಅಂತ ಕಾಣೋದು.'

ವಾದ ಹೀಗೇ ಸಾಗುತ್ತಿತ್ತು. ಚಾಚಾರ ಕೈಯಲ್ಲಿ ಒಂದು ತುರುಪಿನ ಎಲೆ ಇತ್ತು: ರಫಿಯವರು 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಕನ್ನಡದಲ್ಲಿ ಹಾಡಿದ್ದಾರೆ! ಮೇಷ್ಟ್ರ ಬಳಿಯೂ ಅದಕ್ಕೆ ಉತ್ತರವಿತ್ತು: ರಾಜ್‌ಕುಮಾರರ ಶಾರೀರವೇ ಆಗಿಹೋಗಿದ್ದ ಪಿ.ಬಿ.ಎಸ್. ಉರ್ದು ಕಲಿತು ಗಜಲ್ ಬರೆಯುವವರು! ಹೀಗೆ ವಾದದಲ್ಲಿ ಗೆಲ್ಲಲಿಕ್ಕಾಗಿ ಮೇಷ್ಟ್ರು ಗಜಲ್ ಎಂದರೇನು ಎಂದು ತಿಳಿದುಕೊಂಡರು. ಚಾಚಾ ಕನ್ನಡದ ಹಳೆಯ ಹಾಡುಗಳನ್ನು ಮನಸ್ಸಿಟ್ಟು ಕೇಳಿದರು. ಇಬ್ಬರ ನಡುವೆ ಕ್ಯಾಸೆಟ್ಟುಗಳು ಓಡಾಡಿದವು.

1992ರ ಡಿಸೆಂಬರ್ ಬಂತು. ದೇಶದ ಎಷ್ಟೋ ಊರುಗಳಲ್ಲಿ ಆದಂತೆ ನಮ್ಮ ಪೇಟೆಯಲ್ಲೂ ಬಾಗಿಲುಗಳು ಮುಚ್ಚಿದವು. ದೊಡ್ಡ ಅನಾಹುತವೇನೂ ಆಗಲಿಲ್ಲ. ಆದರೆ ದಿನವೂ ನಮಸ್ಕಾರ ಹೇಳುತ್ತಿದ್ದವರು ಬೀದಿಯ ಆಚೆ ಬದಿಯಿಂದ ನಡೆಯತೊಡಗಿದರು. ಮತ್ತೆ ಅಂಗಡಿ ತೆರೆದು ಎರಡು ಮೂರು ದಿನ ಯಾವ ಗಿರಾಕಿಯೂ ಬರಲಿಲ್ಲ. ಮೊದಲು ಬಂದವರು ಮೇಷ್ಟ್ರು. ಕೈಯಲ್ಲಿ ಒಂದು ಕ್ಯಾಸೆಟ್. ಅವರು ನಡೆದ ಘಟನೆಗಳ ಬಗ್ಗೆ ಒಂದಕ್ಷರ ಮಾತಾಡಲಿಲ್ಲ. 'ಟೇಪು ಸಿಕ್ಕಿಕೊಂಡಿದೆ ಸಾಹೇಬ್ರೇ, ನೋಡಿ' ಎಂದರು. ಚಾಚಾ ನನ್ನ ಪೆನ್ಸಿಲು ತೆಗೆದುಕೊಂಡು, ಹೊರಬಂದಿದ್ದ ಟೇಪನ್ನು ಒಳಗೆ ಸುತ್ತಿದರು. ಬಹಳ ಹೊತ್ತು ಸುತ್ತಿದರು. ಆಮೇಲೆ ಇಬ್ಬರೂ ಚಹಾ ಕುಡಿದರು.

ಅಭಿಮಾನ ಊರನ್ನು ಕಾಪಾಡಿತು ಎಂದು ನಾನು ಹೇಳುವುದಿಲ್ಲ. ಅಷ್ಟು ದೊಡ್ಡ ಮಾತಿಗೆ ಆಧಾರವಿಲ್ಲ. ಅದು ಒಂದು ನೆಪ ಕೊಟ್ಟಿತು, ಅಷ್ಟೇ. ಮನುಷ್ಯರ ನಡುವೆ ಬಿರುಕು ಬಿಟ್ಟಾಗ ಬರಿಗೈಯಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋಗುವುದು ಬಹಳ ಕಷ್ಟ. ಏನು ಹೇಳಬೇಕು? ಕ್ಷಮೆ ಕೇಳಬೇಕೇ? ಯಾರು, ಯಾರ ಪರವಾಗಿ? ಆಗ ಕೈಯಲ್ಲೊಂದು ಕ್ಯಾಸೆಟ್ ಇದ್ದರೆ ಮಾತು ಅದರಿಂದ ಆರಂಭವಾಗುತ್ತದೆ. ಇಬ್ಬರನ್ನು ಕೂಡಿಸಲು ಇಬ್ಬರಿಗೂ ಪ್ರಿಯವಾದ ಮೂರನೆಯದೊಂದು ಬೇಕು. ಅಭಿಮಾನ ಎಂಬುದು ಅಂಥ ಮೂರನೆಯದನ್ನು ಮೊದಲೇ ಗಳಿಸಿಟ್ಟುಕೊಳ್ಳುವ ಒಂದು ಬಗೆ. ಕಷ್ಟ ಬಂದ ಮೇಲೆ ಅದನ್ನು ಹುಡುಕಲು ಹೋದರೆ ಸಿಗುವುದಿಲ್ಲ.

ಇಷ್ಟು ಸಂಬಂಧದ ಮಾತಾಯಿತು. ಸುಖದ ಮಾತೇನು? ಇಮಾಂ ಗಜ್ಜಾಲಿಯವರು ತಮ್ಮ 'ಇಹ್ಯಾ'ದಲ್ಲಿ ಹಸದ್ ಮತ್ತು ಗಿಬ್ತಾ ಎಂಬ ಎರಡು ಭಾವಗಳನ್ನು ಬೇರ್ಪಡಿಸುತ್ತಾರೆ. ಇನ್ನೊಬ್ಬನಲ್ಲಿರುವ ಅನುಗ್ರಹ ಅವನಿಂದ ಹೋಗಲಿ ಎಂದು ಬಯಸುವುದು ಹಸದ್. ಅವನಲ್ಲಿ ಇರಲಿ, ನನಗೂ ಅಂಥದು ಸಿಗಲಿ ಎಂದು ಬಯಸುವುದು ಗಿಬ್ತಾ. ಮೊದಲನೆಯದು ರೋಗ, ಎರಡನೆಯದರಲ್ಲಿ ದೋಷವಿಲ್ಲ. ಅಭಿಮಾನಿಯ ಭಾವ ಈ ಎರಡಕ್ಕೂ ಆಚೆಯದು ಎಂದು ನನಗೆ ತೋರುತ್ತದೆ. ಅವನು ಆ ಪ್ರತಿಭೆ ತನಗೆ ಸಿಗಲಿ ಎಂದು ಕೂಡ ಬಯಸುವುದಿಲ್ಲ. ಅದು ಲೋಕದಲ್ಲಿ ಇದೆಯಲ್ಲ ಎಂಬುದಷ್ಟೇ ಅವನಿಗೆ ಸಾಕು. ದರ್ಜಿ ಚಾಚಾ ಜೀವನದಲ್ಲಿ ಒಮ್ಮೆಯೂ ಗಾಯಕನಾಗಲು ಆಸೆಪಟ್ಟವರಲ್ಲ. ಪಕ್ಕದವನ ಅಂಗಡಿಗೆ ಎರಡು ಗಿರಾಕಿ ಹೆಚ್ಚು ಹೋದರೆ ನಿದ್ದೆಗೆಡುವ ನಾವು, ಒಬ್ಬ ಗಾಯಕನ ಕೀರ್ತಿ ಆಕಾಶ ಮುಟ್ಟಿದರೆ ನಮ್ಮ ಮನೆಯ ಮದುವೆಯಂತೆ ಸಂತೋಷಪಡುತ್ತೇವೆ. ದಿನದ ಬಹುಪಾಲು ಹೊತ್ತು ನಮ್ಮ ಅದೃಷ್ಟವನ್ನು ಇತರರ ಅದೃಷ್ಟದೊಂದಿಗೆ ತೂಗುತ್ತಿರುವ ತಕ್ಕಡಿ ಆ ಕೆಲವು ನಿಮಿಷ ಕೆಳಗಿಳಿಯುತ್ತದೆ. ಅಭಿಮಾನಿಯ ಸುಖವೆಂದರೆ ಈ ಬಿಡುಗಡೆ.

ಆದರೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು ನಮ್ಮ ಹಿರಿಯರ ಆತಂಕ: ಮನುಷ್ಯನನ್ನು ಹೊಗಳುತ್ತಾ ಹೊಗಳುತ್ತಾ ಎಲ್ಲಿಗೆ ಹೋಗಿ ನಿಲ್ಲುತ್ತೀರಿ? ಮದ್ದಾಹ್ ಆಗಿದ್ದವನು ಪರಸ್ತಾರ್ ಆಗಲು ಎಷ್ಟು ಹೊತ್ತು? ಆತಂಕ ನಿಜವಾದದ್ದೇ. ಆದರೆ ನಮ್ಮ ಮುಷಾಯಿರಾಗಳಲ್ಲೇ ಒಂದು ಉತ್ತರ ಇದೆ. ಒಳ್ಳೆಯ ಷೇರ್ ಕೇಳಿದಾಗ ಸಭೆಯಲ್ಲಿ ಏಳುವ ಉದ್ಗಾರ 'ಸುಬ್‌ಹಾನಲ್ಲಾಹ್' ಎಂದು. ಕವಿ ಎದುರಿಗೇ ಇದ್ದಾನೆ, ಪದ ಕಟ್ಟಿದವನು ಅವನೇ. ಆದರೂ ಹೊಗಳಿಕೆ ಅವನನ್ನು ಹಾದು, ಅವನಿಗೆ ಆ ಶಕ್ತಿ ಕೊಟ್ಟವನಿಗೆ ಸಲ್ಲುತ್ತದೆ. ಕವಿಗೂ ಅದರಿಂದ ಬೇಸರವಿಲ್ಲ. ಸಲಾಂ ಮಾಡಿ ಸ್ವೀಕರಿಸುತ್ತಾನೆ. ಅಭಿಮಾನಕ್ಕೆ ಹಾಕಬೇಕಾದ ಗೆರೆಯನ್ನು ನಾಲಿಗೆ ತಾನೇ ಹಾಕಿಕೊಂಡಿದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಅಭಿಮಾನ ಗುಂಪಾಗುತ್ತದೆ, ಗುಂಪು ಕಲ್ಲೆತ್ತುತ್ತದೆ. 1996ರ ಮಾರ್ಚ್ 13ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಸೆಮಿಫೈನಲ್ ನಡೆದಾಗ ಶ್ರೀಲಂಕಾದ ಎದುರು ಭಾರತ 120 ರನ್ನಿಗೆ 8 ವಿಕೆಟ್ ಕಳೆದುಕೊಂಡಿತು. ಪ್ರೇಕ್ಷಕರು ಬಾಟಲಿ ಎಸೆದರು, ಗ್ಯಾಲರಿಯಲ್ಲಿ ಬೆಂಕಿ ಹಚ್ಚಿದರು. ಪಂದ್ಯ ನಿಲ್ಲಿಸಿ ಶ್ರೀಲಂಕಾ ಗೆದ್ದಿದೆಯೆಂದು ಘೋಷಿಸಬೇಕಾಯಿತು. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ದುಃಖ ಗಲಭೆಯಾಗಿ ತಿರುಗಿ ಹಲವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಪೊಲೀಸ್ ಕಾನ್ಸ್‌ಟೇಬಲ್ ಒಬ್ಬರೂ ಇದ್ದರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಆದರೆ ಇವು ಮೂರೂ ಒಂದೇ ಬಗೆಯವಲ್ಲ. ಕೊನೆಯ ಘಟನೆಯಲ್ಲಿ ಸತ್ತವರು ಯಾರ ಮೇಲೂ ಕಲ್ಲೆತ್ತಿದವರಲ್ಲ. ಹದಿನೆಂಟು ವರ್ಷ ಕಾದು ಗೆದ್ದ ತಂಡವನ್ನು ಕಣ್ತುಂಬ ನೋಡಿ ಬರೋಣ ಎಂದು ಹೊರಟವರು. ಅವರ ಸಾವಿಗೆ ಅವರ ಅಭಿಮಾನವನ್ನು ಹೊಣೆ ಮಾಡುವುದು ಸತ್ತವರಿಗೆ ಮಾಡುವ ಇನ್ನೊಂದು ಅನ್ಯಾಯ. ಅಷ್ಟು ಜನ ಬಂದರೆ ಎಲ್ಲಿ ನಿಲ್ಲುತ್ತಾರೆ, ಯಾವ ಬಾಗಿಲಿನಿಂದ ಹೋಗುತ್ತಾರೆ ಎಂದು ಯೋಚಿಸಬೇಕಾದವರು ಬೇರೆ.

ಈಡನ್ ಗಾರ್ಡನ್ಸ್‌ನಲ್ಲಿ ತಪ್ಪಿದ್ದು ಏನು ಎಂಬುದನ್ನು ತಿಳಿಯಲು ಅದರ ಪಕ್ಕದಲ್ಲಿ ಇನ್ನೊಂದು ಪಂದ್ಯವನ್ನು ಇಟ್ಟು ನೋಡಬೇಕು. 1999ರ ಜನವರಿ 31, ಚೆನ್ನೈನ ಚೆಪಾಕ್ ಕ್ರೀಡಾಂಗಣ. ಎದುರಾಳಿ ಪಾಕಿಸ್ತಾನ. ಗೆಲ್ಲಲು ಬೇಕಿದ್ದದ್ದು 271 ರನ್. ಸಚಿನ್ ತೆಂಡೂಲ್ಕರ್ ಬೆನ್ನು ನೋವಿನಲ್ಲೇ 136 ರನ್ ಹೊಡೆದು ಔಟಾದರು. ಆಮೇಲೆ ಉಳಿದವರು ಬೇಗಬೇಗನೆ ಬಿದ್ದು ಭಾರತ 258ಕ್ಕೆ ಮುಗಿಯಿತು. ಸೋಲು ಬರೇ 12 ರನ್ನಿನದು. ಕೈಗೆ ಬಂದ ತುತ್ತು ಬಾಯಿಗೆ ಬರದ ಆ ಗಳಿಗೆಯಲ್ಲಿ ಚೆಪಾಕಿನ ಪ್ರೇಕ್ಷಕರು ಸ್ವಲ್ಪ ಹೊತ್ತು ಮೌನವಾಗಿದ್ದರು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಾಸಿಂ ಅಕ್ರಂ ಅವರ ತಂಡ ಮೈದಾನಕ್ಕೆ ಒಂದು ಸುತ್ತು ಬಂದು ಆ ಗೌರವವನ್ನು ಸ್ವೀಕರಿಸಿತು.

ಆ ಪ್ರೇಕ್ಷಕರಿಗೆ ಭಾರತದ ಮೇಲೆ ಪ್ರೀತಿ ಕಡಿಮೆ ಇತ್ತೆಂದು ಯಾರು ಹೇಳಲು ಸಾಧ್ಯ? ಚಪ್ಪಾಳೆಯನ್ನು ಕೇಳಿ ಯಾರ ನಿಷ್ಠೆ ಎತ್ತ ಎಂದು ಅಳೆಯುವವರಿಗೆ ಚೆಪಾಕ್ ಅಂದೇ ಉತ್ತರ ಕೊಟ್ಟಿದೆ. ಉರ್ದುವಿನಲ್ಲಿ ಮೆಚ್ಚುಗೆಗೆ ದಾದ್ ಎನ್ನುತ್ತಾರೆ. ಪಾರಸಿಯಲ್ಲಿ ಈ ಪದದ ಅರ್ಥ ನ್ಯಾಯ. ನಮ್ಮ ಕೋರ್ಟು ಕಚೇರಿಗಳ 'ಫಿರ್ಯಾದಿ' ಬಂದದ್ದು ನ್ಯಾಯಕ್ಕಾಗಿ ಮೊರೆಯಿಡುವ ಪಾರಸಿಯ ಫರ್ಯಾದ್ ಎಂಬ ಪದದಿಂದ. ಮೊರೆಯಿಟ್ಟವನಿಗೆ ಸಿಗಬೇಕಾದದ್ದು ದಾದ್. ಮೆಚ್ಚಬೇಕಾದ್ದನ್ನು ಮೆಚ್ಚುವುದು ಔದಾರ್ಯ ಮಾತ್ರವಲ್ಲ, ನ್ಯಾಯ ಕೂಡ ಎಂದು ಭಾಷೆ ಬಲ್ಲವರು ಹಿಂದೆಯೇ ಕಂಡುಕೊಂಡಿದ್ದರು. ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾಕ್ಕೆ ಸಿಗದೆ ಹೋದದ್ದು ಈ ನ್ಯಾಯ. ಅಲ್ಲಿಯವರು ಆಟದ ಅಭಿಮಾನಿಗಳಾಗಿದ್ದರೆ ಅಂದು ಕೂಡ ನೋಡಲು ಬಹಳ ಇತ್ತು. ಅವರು ಗೆಲುವಿನ ಅಭಿಮಾನಿಗಳಾಗಿದ್ದರು. ತನ್ನದು ಗೆದ್ದರೆ ಮಾತ್ರ ಸಂತೋಷ ಎನ್ನುವವನ ಸಂತೋಷ ಅವನ ಕೈಯಲ್ಲಿ ಇರುವುದಿಲ್ಲ.

ಡಾ. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ದೇವರು ಎಂದು ಕರೆಯುತ್ತಿದ್ದರು. ನನ್ನಂಥವನಿಗೆ ಆ ಪದ ಬಳಸಲು ಸಂಕೋಚ. ಆದರೆ ಅದರ ಹಿಂದಿನ ವಿನಯ ಅರ್ಥವಾಗುತ್ತದೆ: ಜನ ತನ್ನನ್ನು ಏರಿಸಲು ಹೊರಟ ಪೀಠವನ್ನು ಅವರು ಜನರ ಕಡೆಗೇ ತಿರುಗಿಸಿದರು. 2006ರಲ್ಲಿ ಹೊರಗೆ ಬಸ್ಸುಗಳಿಗೆ ಬೆಂಕಿ ಬೀಳುತ್ತಿದ್ದಾಗ, ಅವರ ಇಚ್ಛೆಯಂತೆ ಅವರ ಕಣ್ಣುಗಳನ್ನು ದಾನ ಮಾಡಲಾಗಿತ್ತು. ಅವರ ಕಿರಿಯ ಮಗ ಪುನೀತ್ 2021ರ ಅಕ್ಟೋಬರ್ 29ರಂದು ಅಕಾಲದಲ್ಲಿ ತೀರಿಕೊಂಡಾಗಲೂ ನೇತ್ರದಾನವಾಯಿತು. ಆ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲಿನ ದಿನಗಳಲ್ಲಿ ರಾಜ್ಯದಾದ್ಯಂತ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ನೋಂದಾಯಿಸಿದರು. ಒಂದೇ ಮನೆತನ, ಬಹುಮಟ್ಟಿಗೆ ಅದೇ ಅಭಿಮಾನಿ ಬಳಗ, ಹದಿನೈದು ವರ್ಷಗಳ ಅಂತರ. ಅದೇ ದುಃಖ ಕಲ್ಲೂ ಆಗಬಲ್ಲುದು, ಕಣ್ಣೂ ಆಗಬಲ್ಲುದು. ಯಾವುದಾಗಬೇಕು ಎಂಬ ತೀರ್ಮಾನ ತಾರೆಯ ಕೈಯಲ್ಲಿಲ್ಲ, ಅವನು ಹೋಗಿಬಿಟ್ಟಿರುತ್ತಾನೆ. ಅದು ಅಭಿಮಾನಿಗಳ ಕೈಯಲ್ಲಿದೆ.

ರಫಿಯವರು 55ನೆಯ ವಯಸ್ಸಿನಲ್ಲಿ, 1980ರ ಜುಲೈ 31ರಂದು, ರಮಝಾನ್ ತಿಂಗಳಲ್ಲಿ ತೀರಿಕೊಂಡರು. ಮುಂಬಯಿಯ ಜುಹು ಮುಸ್ಲಿಂ ಕಬರಸ್ತಾನದಲ್ಲಿ ಅವರನ್ನು ದಫನ ಮಾಡಲಾಯಿತು. 2010ರಲ್ಲಿ ಹೊಸ ಕಬರುಗಳಿಗೆ ಜಾಗ ಬೇಕಾಗಿ ಅಲ್ಲಿನ ಹಳೆಯ ಗೋರಿಗಳನ್ನು ತೆರವುಗೊಳಿಸಿದರು. ರಫಿಯವರ ಗೋರಿ ಹೋಯಿತು, ಮಧುಬಾಲಾ ಅವರದೂ ಹೋಯಿತು. ಬಹಳ ಜನರಿಗೆ ನೋವಾಯಿತು. ಆದರೆ ಮಣ್ಣಿಗೆ ಸೇರಿದವನ ಜಾಗ ಮತ್ತೊಬ್ಬನಿಗೆ ಸಲ್ಲುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಅಭಿಮಾನಿಗಳು ಬರುವುದನ್ನು ನಿಲ್ಲಿಸಲಿಲ್ಲ. ಅವರು ಹುಟ್ಟಿದ ದಿನ ಮತ್ತು ತೀರಿಕೊಂಡ ದಿನ ಬಂದವರಿಗೆ ಹತ್ತಿರದ ಒಂದು ತೆಂಗಿನ ಮರವೇ ಗುರುತಾಯಿತು. ಅಮೃತಶಿಲೆ ಇಲ್ಲ, ಹೆಸರಿನ ಫಲಕವಿಲ್ಲ. ಆ ಮರವನ್ನು ತೋರಿಸಿ ಇಲ್ಲೇ ಎಂದು ಹೇಳಲು ಮತ್ತೊಬ್ಬ ಅಭಿಮಾನಿ ಬೇಕು. ಅವನ ಮನೆ ಎಲ್ಲಿ, ಅವನು ಯಾವ ಧರ್ಮದವನು, ಯಾವ ಭಾಷೆಯವನು ಎಂದು ಬಂದವನು ಮೊದಲು ಕೇಳುವುದಿಲ್ಲ. ಯಾವ ಹಾಡು ನಿಮಗಿಷ್ಟ ಎಂದು ಕೇಳುತ್ತಾನೆ.

ಅವನು ನಿನಗೇನು ಕೊಟ್ಟ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನಾವು ವೇದಿಕೆಯ ಕಡೆಗೇ ನೋಡುತ್ತೇವೆ. ಸ್ವಲ್ಪ ಪಕ್ಕಕ್ಕೆ ತಿರುಗಬೇಕು. ಅಲ್ಲಿ ಇನ್ನೊಬ್ಬ ಕುಳಿತಿದ್ದಾನೆ. ಅದೇ ಹಾಡಿಗೆ, ಅದೇ ಕ್ಷಣದಲ್ಲಿ ಅವನ ಕಣ್ಣೂ ಒದ್ದೆಯಾಗಿದೆ. ಕೊಟ್ಟದ್ದು ಅವನನ್ನೇ.